ತಾಯಿಯನ್ನು ತೋರಿಸಿ ಅನ್ನಿ

ನಮಸ್ಕಾರ. ಮಕ್ಕಳ ಹಟಕ್ಕೆ ಸೋತು ಈ ಭಾನುವಾರ ಒಂದು ನಾಯಿಮರಿ ತಂದೇಬಿಡೋಣ ಅಂತ ಲೆಕ್ಕ ಹಾಕುತ್ತಿರುವ ಅಪ್ಪ ಅಮ್ಮಂದಿರೇ, ಇವತ್ತಿನ ಮಾತು ನಿಮಗೆ. ಬೇರೆಯವರು ಕೇಳಿಸಿಕೊಂಡರೂ ನಷ್ಟವೇನಿಲ್ಲ.

ನಾನು ಪಶುವೈದ್ಯ. ಮಂಡ್ಯ, ಮಳವಳ್ಳಿ ಕಡೆ 30 ವರ್ಷ ದನ ಕುರಿ ನೋಡಿದವನು. ನಮ್ಮ ರೈತರು ಬಂಡೂರು ಕುರಿ ಕೊಳ್ಳುವುದನ್ನು ನೋಡಿದ್ದೀರಾ? ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ಒತ್ತಿ ನೋಡುತ್ತಾರೆ. ಹಸು ಆದರೆ ಕೆಚ್ಚಲು ಮುಟ್ಟಿ, ಎಷ್ಟನೇ ಸೂಲು, ಇದರ ತಾಯಿ ಎಷ್ಟು ಲೀಟರ್ ಕೊಡ್ತಿತ್ತು ಅಂತ ಇಡೀ ವಂಶಾವಳಿ ವಿಚಾರಿಸುತ್ತಾರೆ. ಅದೇ ಮನುಷ್ಯ ಸಾವಿರಾರು ರೂಪಾಯಿ ಎಣಿಸಿಕೊಟ್ಟು ನಾಯಿಮರಿ ತರುವಾಗ ಏನು ನೋಡುತ್ತಾನೆ? ಮೊಬೈಲಲ್ಲಿ ಒಂದು ಫೋಟೋ!

ನನ್ನದು ಒಂದೇ ಮಾತು. ತಾಯಿಯನ್ನು ನೋಡದೆ ಮರಿ ತರಬೇಡಿ.

ಯಾಕೆ ಅಂತ ಹೇಳುತ್ತೇನೆ. ಮದ್ದೂರು ಹತ್ತಿರ ನನಗೆ ಬೇಕಾದವರೊಬ್ಬರು ಮೇಷ್ಟ್ರು. ಮಗಳಿಗೆ ಲ್ಯಾಬ್ರಡಾರ್ ಮರಿ ತಂದರು. ಮಾರಿದವನ ಮನೆ ನೋಡಿಲ್ಲ, ಹೆದ್ದಾರಿ ಪಕ್ಕದ ಹೋಟೆಲ್ ಮುಂದೆ ಕಾರು ನಿಲ್ಲಿಸಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಕೈಗೆ ಕೊಟ್ಟು ಹೋದ. "ಎರಡು ತಿಂಗಳಾಗಿದೆಯಂತೆ ಡಾಕ್ಟ್ರೇ, ಇಂಜೆಕ್ಷನ್ನೂ ಆಗಿದೆಯಂತೆ" ಅಂತ ಮೇಷ್ಟ್ರು ಪುಸ್ತಕ ತೋರಿಸಿದರು. ಎರಡು ಲಸಿಕೆಯ ತಾರೀಖು, ಎರಡೂ ಒಂದೇ ಪೆನ್ನಿನಲ್ಲಿ. ಬಾಟಲಿಯ ಚೀಟಿ ಅಂಟಿಸಿಲ್ಲ, ವೈದ್ಯರ ಸಹಿ ಇಲ್ಲ. ಮರಿಯ ಬಾಯಿಗೆ ಬೆರಳಿಟ್ಟೆ. ಎರಡು ತಿಂಗಳಿಗೆ 28 ಹಾಲುಹಲ್ಲು ಬಂದಿರಬೇಕು. ಇದಕ್ಕೆ ಮುಂದಿನವು ಮಾತ್ರ ಸೂಜಿಮೊನೆಯ ಹಾಗೆ ಮೊಳೆತಿದ್ದವು, ಹಿಂದೆಲ್ಲ ಬರೀ ಒಸಡು. ತಿಂಗಳ ಕೂಸು ಅದು, ಇನ್ನೂ ಹಾಲು ಕುಡಿಯುವ ವಯಸ್ಸು.

ಮೂರನೇ ದಿನ ರಕ್ತಭೇದಿ. ಪಾರ್ವೋ ವೈರಸ್, ನಾಯಿಮರಿಗಳ ಕರುಳಿಗೆ ಬರುವ ಸೋಂಕು. ಎರಡು ದಿನ ಡ್ರಿಪ್ ಹಾಕಿದೆ, ಉಳಿಯಲಿಲ್ಲ. ಆ ಹುಡುಗಿ ನನ್ನ ಹತ್ತಿರ ಏನೂ ಕೇಳಲಿಲ್ಲ, ಪೆಟ್ಟಿಗೆಯನ್ನು ಮಾತ್ರ ಬಿಸಾಡಬೇಡಿ ಅಂದಳು.

ಮೇಷ್ಟ್ರು ಸುಮ್ನೆ ಕೂರುವವರಲ್ಲ. ಇನ್ನೊಂದು ಮರಿ ಬೇಕು ಅಂತ ಅವನಿಗೆ ಫೋನ್ ಮಾಡಿ, ಮನೆಗೇ ಬರ್ತೀವಿ ಅಂತ ಪಟ್ಟುಹಿಡಿದು ವಿಳಾಸ ಇಸ್ಕೊಂಡರು. ಇಬ್ಬರೂ ಹೋದೆವು. ಮೈಸೂರಿನ ಹೊರಗೆ ಒಂದು ಹೊಸ ಬಡಾವಣೆ, ಮುಂದೆ ಚೆಂದದ ಮನೆ, ಬಾಗಿಲಲ್ಲಿ ರಂಗೋಲಿ. "ತಾಯಿ ಎಲ್ಲಪ್ಪಾ?" ಅಂದೆ. "ಊರಲ್ಲಿದೆ ಸಾರ್, ನಮ್ಮ ಅಣ್ಣನ ಮನೇಲಿ." ಅಷ್ಟರಲ್ಲಿ ಹಿತ್ತಲಿಂದ ಬೊಗಳಿತು.

ಹಿತ್ತಲಲ್ಲಿ ಶೀಟಿನ ಶೆಡ್. ಒಳಗೆ ಸಾಲಾಗಿ ಪಂಜರ, ತಳಕ್ಕೂ ತಂತಿಯ ಜಾಲರಿ, ಗಲೀಜು ಕೆಳಗೆ ಬೀಳಲಿ ಅಂತ. ಕೊನೆಯ ಪಂಜರದಲ್ಲಿ ಆ ತಾಯಿ. ತಂತಿಯ ಮೇಲೆ ನಿಂತು ನಿಂತು ಬೆರಳುಗಳು ಬಿಚ್ಚಿಕೊಂಡಿದ್ದವು, ಒಂದು ಉಗುರು ಸುತ್ತಿಕೊಂಡು ಅಂಗಾಲಿಗೇ ನಾಟಿತ್ತು. ಮೊಲೆ ಜೋತುಬಿದ್ದು ಜಾಲರಿಗೆ ತಾಗುತ್ತಿತ್ತು. "ಎಷ್ಟನೇ ಸೂಲು?" "ಲೆಕ್ಕ ಇಟ್ಟಿಲ್ಲ ಸಾರ್."

ಲೆಕ್ಕ ನಾನು ಹೇಳುತ್ತೇನೆ. ಹೆಣ್ಣುನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗಬ್ಬ ಸುಮಾರು 63 ದಿನ. ಪ್ರತಿ ಬೆದೆಗೂ ಕ್ರಾಸ್ ಮಾಡಿಸಿದರೆ ವರ್ಷಕ್ಕೆ ಎರಡು ಸಲ ಮರಿ. ತಾಯಿಗೆ ಲಸಿಕೆ ಇಲ್ಲ, ಮೈಯಲ್ಲಿ ಕಸುವಿಲ್ಲ, ಅಂಥದರ ಗಿಣ್ಣುಹಾಲಿನಲ್ಲಿ ಮರಿಗೆ ಇನ್ನೆಂಥ ರಕ್ಷಣೆ ಸಿಗುತ್ತದೆ? ಅದನ್ನೂ ತಿಂಗಳಿಗೇ ಬಿಡಿಸಿ ಮಾರುತ್ತಾರೆ, ಬೇಗ ಮಾರಿದಷ್ಟೂ ಮೇವಿನ ಖರ್ಚು ಉಳಿಯಿತು ಅಂತ. ಮೇಷ್ಟ್ರ ಮನೆಯಲ್ಲಿ ಸತ್ತ ಮರಿಯ ಕಾಯಿಲೆ ಶುರುವಾಗಿದ್ದು ಆ ಪಂಜರದಲ್ಲಿ. ಅದಕ್ಕೇ ಹೇಳಿದ್ದು, ತಾಯಿಯನ್ನು ನೋಡಿ ಅಂತ.

ಜಗಳ ಆಡಲು ಹೋದ ಮೇಷ್ಟ್ರು ಆ ತಾಯಿಯನ್ನೇ ಆಟೋದಲ್ಲಿ ಹಾಕಿಕೊಂಡು ಬಂದರು. "ಇದು ಈಗ ಗಬ್ಬ ಕಟ್ತಿಲ್ಲ, ಬೇಕಿದ್ರೆ ಹಂಗೇ ತಗೊಂಡ್ಹೋಗಿ" ಅಂದ ಆ ಪುಣ್ಯಾತ್ಮ. ಅಂಗಳಕ್ಕೆ ಇಳಿಸಿದರೆ ಅದು ನಡೆಯಲೇ ಇಲ್ಲ. ಮಣ್ಣು ಅಂದರೇನು ಅಂತ ಗೊತ್ತಿಲ್ಲ. ಕೆಂಡದ ಮೇಲೆ ನಿಂತ ಹಾಗೆ ಒಂದೊಂದೇ ಕಾಲು ಎತ್ತಿ ಇಡುತ್ತಿತ್ತು. ಆಮೇಲೆ ದೂರು ಕೊಟ್ಟೆವು. ವಿಚಾರಿಸಲು ಹೋಗುವಷ್ಟರಲ್ಲಿ ಶೆಡ್ ಖಾಲಿ, ಫೋನ್ ನಂಬರೂ ಬದಲು.

ನೋಡಿ, ಇಷ್ಟು ಹೇಳುವಷ್ಟರಲ್ಲಿ ನನ್ನ ಸಮಯ ಮುಗೀತಾ ಬಂತು. ಪಗ್ ನಾಯಿ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: ನಾಯಿ ಮೈಯ ಕಾವು ಇಳಿಸಿಕೊಳ್ಳುವುದೇ ಏದುಸಿರು ಬಿಟ್ಟು, ನಾವು ಮುಖ ಚಪ್ಪಟೆ ಆಗಲಿ ಅಂತ ತಲೆಮಾರುಗಟ್ಟಲೆ ಆರಿಸಿ ಆರಿಸಿ ಕ್ರಾಸ್ ಮಾಡಿಸಿ ಅದರ ಉಸಿರಿನ ದಾರಿಯನ್ನೇ ಕಿರಿದು ಮಾಡಿದ್ದೇವೆ, ಅದು ಗೊರ್ ಗೊರ್ ಅಂದರೆ ಮುದ್ದಾಗಿದೆ ಅಂತ ವಿಡಿಯೋ ಮಾಡುತ್ತೇವೆ. ಇನ್ನು ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ಹಸ್ಕಿ ನಾಯಿಯನ್ನು ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಕಟ್ಟುವವರಿಗೆ ನಾನೇನು ಹೇಳಲಿ, ಬಿಡಿ.

ಕಾನೂನು ಇಲ್ಲ ಅಂದುಕೊಳ್ಳಬೇಡಿ, ಇದೆ. 2017ರ ಕೇಂದ್ರದ ನಿಯಮ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಒಂದೂವರೆ ವರ್ಷ ತುಂಬದ ಹೆಣ್ಣನ್ನು, 8 ವರ್ಷ ದಾಟಿದ್ದನ್ನು ಕ್ರಾಸ್ ಮಾಡಿಸುವ ಹಾಗಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ 5. ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ. ನೋಂದಣಿ ಪತ್ರ ಕೇಳಿ, ತಾಯಿಯನ್ನು ತೋರಿಸಿ ಅನ್ನಿ. ಊರಲ್ಲಿದೆ ಅಂದರೆ ಊರಿಗೇ ಬರ್ತೀವಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ಎದ್ದು ಬನ್ನಿ, ಕೊಟ್ಟ ಮುಂಗಡ ಹೋದರೂ ಹೋಗಲಿ.

ಇಷ್ಟೆಲ್ಲ ಯಾರಿಗೆ ಬೇಕು ಸಾರ್ ಅನ್ನುವವರು ನಿಮ್ಮ ಬೀದಿಯದೇ ಒಂದು ಮರಿ ಸಾಕಿ. ಎರಡು ತಿಂಗಳು ತುಂಬಲಿ, ಲಸಿಕೆ ಹಾಕಿಸಿ. ಅದರ ತಾಯಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಮೋರಿ ಪಕ್ಕ ನಿಂತು ನಿಮ್ಮನ್ನೇ ನೋಡುತ್ತಿರುತ್ತದೆ. ನಮಸ್ಕಾರ.