ಬಾಯಿ ತೆರೆಯಿರಿ, ಬೆಳಕು ಬಿಡಿ, ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಪತ್ತೆಹಚ್ಚುವುದರಲ್ಲಿ, ಚಿಕಿತ್ಸೆಯಲ್ಲಿ ಏನೇನು ಹೊಸದು ಬಂದಿದೆ, ಜನರಿಗೆ ತಿಳಿಯುವ ಹಾಗೆ ಹೇಳಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಹೊಸದು ಬೇಕಾದಷ್ಟಿದೆ. ಸ್ವಲ್ಪ ರಕ್ತ ತೆಗೆದು ಹಲವು ಬಗೆಯ ಕ್ಯಾನ್ಸರ್‌ಗಳ ಸುಳಿವು ಹುಡುಕುವ ಪರೀಕ್ಷೆಯನ್ನು ಇಂಗ್ಲೆಂಡಿನಲ್ಲಿ 1,40,000ಕ್ಕೂ ಹೆಚ್ಚು ಜನರ ಮೇಲೆ ಮಾಡಿ ನೋಡಿದ್ದಾರೆ. ರೋಗಿಯ ರಕ್ತದಿಂದಲೇ ರಕ್ಷಣಾ ಕಣಗಳನ್ನು ತೆಗೆದು, ಅವುಗಳಿಗೆ ಕ್ಯಾನ್ಸರ್ ಗುರುತಿಸುವುದನ್ನು ಕಲಿಸಿ, ಮತ್ತೆ ಅದೇ ರೋಗಿಗೆ ಏರಿಸುವ ಚಿಕಿತ್ಸೆ ನಮ್ಮ ಮುಂಬೈನ ಐಐಟಿಯಲ್ಲೇ ರೂಪುಗೊಂಡು 2023ರಲ್ಲಿ ಸರ್ಕಾರದ ಅನುಮತಿ ಪಡೆಯಿತು. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ. ಇದೆಲ್ಲ ದೊಡ್ಡ ಕೆಲಸ, ಹೆಮ್ಮೆಪಡಬೇಕಾದ ಕೆಲಸ.

ಆದರೆ ನಾನು ಬಾಯಿ ಮತ್ತು ದವಡೆಯ ಶಸ್ತ್ರವೈದ್ಯೆ. ನನ್ನ ಹೊರರೋಗಿ ವಿಭಾಗಕ್ಕೆ ಬರುವವರು ಮೊಬೈಲ್ ತೆಗೆದು, "ಮೇಡಂ, ಒಂದು ಹನಿ ರಕ್ತದಲ್ಲೇ ಕ್ಯಾನ್ಸರ್ ಗೊತ್ತಾಗುತ್ತಂತಲ್ಲ, ನಿಮ್ಮಲ್ಲಿ ಬಂದಿದೆಯಾ?" ಎಂದು ಕೇಳುತ್ತಾರೆ. ಹಾಗೆ ಕೇಳುವವರ ಕೆನ್ನೆಯೊಳಗೆ ಆಗಲೇ ಹುಣ್ಣಿರುತ್ತದೆ. ಯಾರೂ ನೋಡಿರುವುದಿಲ್ಲ. ಸ್ವತಃ ಅವರೂ ನೋಡಿಕೊಂಡಿರುವುದಿಲ್ಲ. ಶ್ವಾಸಕೋಶದೊಳಗೆ ಏನಾಗಿದೆ ಎಂದು ತಿಳಿಯಲು ಸ್ಕ್ಯಾನ್ ಬೇಕು, ಹೊಟ್ಟೆಯೊಳಗೆ ನೋಡಲು ನಳಿಕೆ ಇಳಿಸಬೇಕು. ಬಾಯಿಗೆ ಯಾವ ಯಂತ್ರವೂ ಬೇಡ. ಬಾಯಿ ತೆರೆಯಿರಿ, ಬೆಳಕು ಬಿಡಿ, ನೋಡಿ. ಈ ಹೊತ್ತು ನಾನು ಹೇಳಬೇಕೆಂದು ಬಂದಿರುವ ಮಾತು ಇದೊಂದೇ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಇತ್ತೀಚಿನ ಒಂದು ಲೆಕ್ಕ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರಲ್ಲಿ ಪ್ರಕಟಿಸಿದ್ದು. ಜಗಿಯುವ ತಂಬಾಕು ಮತ್ತು ಅಡಿಕೆಯಿಂದ 2022ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಜನರಿಗೆ ಬಾಯಿ ಕ್ಯಾನ್ಸರ್ ಬಂತು. ಅವರಲ್ಲಿ ಸುಮಾರು 83,000 ಜನ ನಮ್ಮ ದೇಶದವರು. ಇದು ನಮ್ಮ ಕಾಯಿಲೆ. ಅಮೆರಿಕದವರು ಬಂದು ಇದಕ್ಕೆ ಪರಿಹಾರ ಹುಡುಕುತ್ತಾರೆ ಎಂದು ಕಾಯುತ್ತ ಕೂರುವಂತಿಲ್ಲ.

ಈಗ ಒಬ್ಬರ ಕತೆ ಹೇಳುತ್ತೇನೆ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗಲೂ ಇದನ್ನೇ ಹೇಳುವುದು.

ಅವರು ಮದುವೆ ಮನೆಗಳ ಅಡುಗೆಯವರು. ಹೆಸರು ಬೇಡ. ಸುತ್ತಲಿನ ಊರುಗಳಲ್ಲಿ ಅವರ ಸಾರೆಂದರೆ ಸಾರು. ಎರಡನೇ ಸಲ ಅನ್ನ ಹಾಕಿಸಿಕೊಂಡು ಬರೀ ಸಾರನ್ನೇ ಬಡಿಸಿಕೊಳ್ಳುವ ಜನ. ಒಂದು ವರ್ಷದಿಂದ ಆ ಸಾರಿನ ಮೇಲೆ ದೂರು ಬರಲು ಶುರುವಾಯಿತು. ಮೊದಲು ಒಂದು ಮನೆಯವರು, "ಯಾಕೋ ಈ ಸಲ ಸಾರು ಚಪ್ಪೆ" ಎಂದರು. ಆಮೇಲೆ ಇನ್ನೊಂದು ಮನೆಯವರು. ಇವರಿಗೆ ಸಿಟ್ಟು. "ಕೊಪ್ಪರಿಗೆ ಇಳಿಸೋ ಮುಂಚೆ ನಾನೇ ರುಚಿ ನೋಡಿದ್ದೀನಿ, ಖಾರ ಬೇಕಾದಷ್ಟಿದೆ" ಎಂದು ವಾದ. ಅವರ ಅಕ್ಕನ ಮಗ ಜೊತೆಯಲ್ಲೇ ಕೆಲಸ ಮಾಡುವ ಹುಡುಗ. ಸಾಮಾನು ಪಟ್ಟಿ ಬರೆಯುವವನು ಅವನೇ. ಪ್ರತಿ ಮದುವೆಗೂ ಮಾವ ಮೆಣಸಿನಕಾಯಿ ಕಡಿಮೆ ಬರೆಸುತ್ತಿದ್ದಾರೆ ಎಂಬುದನ್ನು ಅವನು ಗಮನಿಸಿದ. ಇನ್ನೂರು ಜನಕ್ಕೆ ಮೊದಲು ಎಷ್ಟು ಬ್ಯಾಡಗಿ ಬೇಕಾಗುತ್ತಿತ್ತೋ, ಈಗ ನಾನೂರು ಜನಕ್ಕೂ ಅಷ್ಟೇ. ಮಾವ ಊಟಕ್ಕೆ ಕೂತಾಗಲೂ ನೋಡಿದ. ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಮೊಸರನ್ನ ಕಲಸಿ, ಸಣ್ಣ ಸಣ್ಣ ತುತ್ತು ಮಾಡಿ, ತುಟಿ ಸೀಳಿನಿಂದ ಒಳಗೆ ದೂಡಿಕೊಳ್ಳುತ್ತಿದ್ದರು.

ಹುಡುಗ ಬುದ್ಧಿವಂತ. "ಮಾವ, ಸಾರು ಕೆಟ್ಟಿಲ್ಲ, ನಿನ್ನ ಬಾಯಿ ಕೆಟ್ಟಿದೆ" ಎಂದು ಎಳೆದುಕೊಂಡು ಬಂದ.

ಅವರು ಕುರ್ಚಿಯಲ್ಲಿ ಕೂತವರೇ, "ಏನಿಲ್ಲ ಮೇಡಂ, ಹಿಂದಿನ ಹಲ್ಲು ಚುಚ್ಚುತ್ತೆ, ಉಜ್ಜಿ ನುಣ್ಣಗೆ ಮಾಡಿಬಿಡಿ" ಎಂದರು. ಬಾಯಿ ತೆರೆಯಿರಿ ಎಂದೆ. ತೆರೆದರು. "ಇನ್ನೂ ತೆರೆಯಿರಿ." "ಇಷ್ಟೇ ಆಗೋದು." ಅವರ ಕೈಬೆರಳನ್ನೇ ಅಡ್ಡಡ್ಡ ಒಂದರ ಮೇಲೊಂದು ಇಟ್ಟು ನೋಡಿಸಿದೆ. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಎರಡು ಬೆರಳು ಕಷ್ಟಪಟ್ಟು ಹಿಡಿಸಿದವು. ಟಾರ್ಚ್ ಬಿಟ್ಟೆ. ಗುಲಾಬಿ ಬಣ್ಣ ಇರಬೇಕಾದ ಕೆನ್ನೆಯ ಒಳಭಾಗ ಬಿಳಿಚಿಕೊಂಡಿತ್ತು. ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಗಟ್ಟಿ ಪಟ್ಟಿಗಳು ಸಿಕ್ಕವು. ಇದು ಅಡಿಕೆ ಜಗಿಯುವವರಿಗೆ ಬರುವ ಕಾಯಿಲೆ. ಕೆನ್ನೆಯ ಒಳಪದರ ನಾರುಗಟ್ಟುತ್ತದೆ, ಖಾರ ಮುಟ್ಟಿಸಿದರೆ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. ಊರಿಗೆಲ್ಲ ಚಪ್ಪೆಯಾದ ಸಾರು ಅವರೊಬ್ಬರ ಬಾಯಿಗೆ ಖಾರವಾಗಿದ್ದದ್ದು ಹೀಗೆ.

ಅಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಎಡಗಡೆ ಕೆಳಗಿನ ಕೊನೆಯ ಹಲ್ಲಿನ ಹಿಂದೆ, ತೊಗರಿಬೇಳೆಯಷ್ಟು ಅಗಲ, ಒಂದು ಕೆಂಪು ಮಚ್ಚೆ. ನೋವಿಲ್ಲ. ರಕ್ತವಿಲ್ಲ. ರಾತ್ರಿಯೆಲ್ಲ ತರಕಾರಿ ಹೆಚ್ಚುವಾಗ ನಿದ್ದೆ ಬಾರದಿರಲಿ ಎಂದು ಅವರು ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಒತ್ತಿಟ್ಟುಕೊಳ್ಳುತ್ತಿದ್ದ ಜಾಗ ಅದೇ. ಬಿಳಿ ಮಚ್ಚೆ ಕಂಡರೆ ನಾವು ಎಚ್ಚರವಾಗುತ್ತೇವೆ. ಕೆಂಪು ಮಚ್ಚೆ ಕಂಡರೆ ಆ ದಿನವೇ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ.

ಚೂರು ತೆಗೆಯಬೇಕು ಎಂದ ಕೂಡಲೇ ಅವರು ಎದ್ದು ನಿಂತರು. "ಕತ್ತಿ ಮುಟ್ಟಿಸಿದರೆ ಹಬ್ಬುತ್ತೆ ಅಂತಾರೆ." ಈ ಮಾತನ್ನು ಯಾರು ಹುಟ್ಟಿಸಿದರೋ! ಎಷ್ಟು ಜನರ ಜೀವ ತೆಗೆದಿದೆ ಇದು. ಕೇಳುಗರೇ, ಚೂರು ತೆಗೆಯುವುದರಿಂದ ಕ್ಯಾನ್ಸರ್ ಹಬ್ಬುವುದಿಲ್ಲ. ತೆಗೆಯದೆ ಬಿಟ್ಟರೆ ಹಬ್ಬುತ್ತದೆ. ಹುಡುಗ ಹಟ ಹಿಡಿದು ಕೂರಿಸಿದ. ಫಲಿತಾಂಶ ಬಂತು. ಕ್ಯಾನ್ಸರೇ, ಆದರೆ ತೀರಾ ಆರಂಭದ್ದು. ಆಗ ಅವರು, "ಮದುವೆ ಕಾಲ ಮುಗೀಲಿ ಮೇಡಂ, ಮುಂಗಡ ಇಸ್ಕೊಂಡಿದ್ದೀನಿ" ಎಂದರು. ನಾನು ಸಾಮಾನ್ಯವಾಗಿ ಗದರುವವಳಲ್ಲ. ಆವತ್ತು ಗದರಿದೆ. ಮುಂಗಡ ವಾಪಸ್ ಕೊಡಬಹುದು, ದವಡೆ ವಾಪಸ್ ಬರುವುದಿಲ್ಲ ಎಂದೆ. ಶಸ್ತ್ರಚಿಕಿತ್ಸೆಗೆ ಒಪ್ಪಿದರು.

ಒಪ್ಪಿದ ಮೇಲೂ ಒಂದು ತಕರಾರು. "ಗಾಯ ಇರೋದು ಬಾಯಲ್ಲಿ, ಕುತ್ತಿಗೆ ಯಾಕೆ ಕೊಯ್ತೀರಿ?" ನ್ಯಾಯವಾದ ಪ್ರಶ್ನೆ. ವೈದ್ಯರಲ್ಲೇ ಎಷ್ಟೋ ವರ್ಷ ಈ ಬಗ್ಗೆ ಜಗಳವಿತ್ತು. ಬಾಯಿ ಕ್ಯಾನ್ಸರ್ ಮೊದಲು ಹರಡುವುದು ಕುತ್ತಿಗೆಯ ಗಂಟುಗಳಿಗೆ, ಅಂದರೆ ಎಲ್ಲರ ಕುತ್ತಿಗೆಯಲ್ಲೂ ಇರುವ ಸಣ್ಣ ದುಗ್ಧಗ್ರಂಥಿಗಳಿಗೆ. ಅವು ಊದಿ ಕೈಗೆ ಸಿಗದಿದ್ದರೂ ಮೊದಲೇ ತೆಗೆದುಬಿಡುವುದೋ, ಸಿಕ್ಕಾಗ ತೆಗೆಯುವುದೋ? ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಅವರ ತಂಡ ಆರಂಭದ ಹಂತದ ರೋಗಿಗಳನ್ನು ಎರಡು ಗುಂಪು ಮಾಡಿ ಎರಡನ್ನೂ ಮಾಡಿ ನೋಡಿತು. 2015ರಲ್ಲಿ ಉತ್ತರ ಬಂತು. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ 100ಕ್ಕೆ 80 ಜನ ಬದುಕಿದ್ದರು. ಕಾದು ನೋಡಿದವರಲ್ಲಿ 67 ಜನ. ಈಗ ಜಗತ್ತಿನಾದ್ಯಂತ ವೈದ್ಯರು ಈ ಮುಂಬೈ ಅಧ್ಯಯನವನ್ನೇ ಎತ್ತಿ ಹೇಳುತ್ತಾರೆ. ನಮ್ಮ ಅಡುಗೆಯವರಿಗೂ ಹಾಗೇ ಮಾಡಿದೆವು.

ಈಗ ಅವರು ಚೆನ್ನಾಗಿದ್ದಾರೆ. ಅಡಿಕೆ, ಹೊಗೆಸೊಪ್ಪು ಎರಡೂ ಬಿಟ್ಟಿದ್ದಾರೆ. ದಿನಾ ಬಾಯಿ ಅಗಲಿಸುವ ವ್ಯಾಯಾಮ ಮಾಡುತ್ತಾರೆ. ಒಲೆಯ ಮುಂದೆ ಅವರೇ ನಿಲ್ಲುತ್ತಾರೆ, ಸಾರಿನ ರುಚಿ ನೋಡುವವನು ಮಾತ್ರ ಹುಡುಗ. ಅವನ ಜಾಗದಲ್ಲಿ ನಿಮ್ಮ ಮನೆಯಲ್ಲಿ ನೀವಿರಬೇಕು. ಊಟದಲ್ಲಿ ಅಪ್ಪ ಖಾರ ಬಿಟ್ಟರೆ, ಅತ್ತೆ ರೊಟ್ಟಿ ಬಿಟ್ಟು ಗಂಜಿ ಕೇಳಿದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಬಾಯಿ ತೆರೆಸಿ, ಬೆಳಕು ಬಿಟ್ಟು, ನೋಡಿ.

"ನೋಡಿದರೆ ಸಾಕೇ? ಅಷ್ಟಕ್ಕೇ ಜೀವ ಉಳಿಯುತ್ತದೆಯೇ?" ಎಂದು ಕೇಳುವವರಿಗೆ ಕೇರಳದ ಪುರಾವೆ ಇದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1996ರಲ್ಲಿ 13 ಪಂಚಾಯ್ತಿಗಳನ್ನು ಆರಿಸಿಕೊಂಡರು. ಏಳು ಪಂಚಾಯ್ತಿಗಳಲ್ಲಿ 35 ವರ್ಷ ದಾಟಿದವರ ಮನೆಗೆ ಹೋಗಿ ಬಾಯಿ ನೋಡಿದರು. ಉಳಿದ ಆರರಲ್ಲಿ ಎಂದಿನಂತೆ ಬಿಟ್ಟರು. ನೋಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಮೂರು ವರ್ಷಕ್ಕೊಮ್ಮೆ ಬಂದು ನೋಡಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಶೇ. 34ರಷ್ಟು ಇಳಿದಿತ್ತು. ಇದಕ್ಕಾಗಿ ಯಾವ ಹೊಸ ಔಷಧಿಯನ್ನೂ ಕಂಡುಹಿಡಿಯಲಿಲ್ಲ. ಬಾಯಿ ತೆರೆಸಿದರು, ನೋಡಿದರು. ಇಷ್ಟು ಅಗ್ಗವಾಗಿ ಇಷ್ಟು ಜೀವ ಉಳಿಸುವ ಕೆಲಸ ವೈದ್ಯಶಾಸ್ತ್ರದಲ್ಲಿ ತೀರಾ ಕಡಿಮೆ. ಆದರೂ ರಕ್ತಪರೀಕ್ಷೆಯ ಸುದ್ದಿ ಹರಡಿದಷ್ಟು ಇದು ಹರಡಲಿಲ್ಲ, ಅದೇ ನನ್ನ ಸಂಕಟ.

ನನಗೆ ಕೊಟ್ಟಿರುವ ಸಮಯದಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಎರಡು ಹೊಸ ಸಂಗತಿ ಬೇಗ ಹೇಳಿಬಿಡುತ್ತೇನೆ.

ಒಂದು, ಬೆಂಗಳೂರಿನದು. ಆರೋಗ್ಯ ಕಾರ್ಯಕರ್ತೆ ಹಳ್ಳಿಯಲ್ಲಿ ಮೊಬೈಲಿನಿಂದ ಬಾಯಿಯ ಫೋಟೊ ತೆಗೆದು ಕಳಿಸಿದರೆ, ನಗರದಲ್ಲಿ ಕೂತ ತಜ್ಞರು ನೋಡಿ ಹೇಳುವ ವ್ಯವಸ್ಥೆಯನ್ನು ಇಲ್ಲಿಯ ದಂತವೈದ್ಯರು ಬೆಳೆಸಿದ್ದಾರೆ. ಅನುಮಾನದ ಮಚ್ಚೆಯನ್ನು ಕಂಪ್ಯೂಟರೇ ಗುರುತಿಸುವಂತೆ ಕಲಿಸುವ ಪ್ರಯತ್ನವೂ ನಡೆದಿದೆ. ಒಳ್ಳೆಯದೇ. ಆದರೆ ಫೋಟೊ ತೆಗೆಯಬೇಕಾದರೂ ಮೊದಲು ಬಾಯಿ ತೆರೆಯಬೇಕು.

ಎರಡು, ಕಾಯಿಲೆ ತೀರಾ ಮುಂದುವರಿದವರಿಗೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರಿನ ವಿರುದ್ಧ ಬಡಿದೆಬ್ಬಿಸುವ ನಿವೋಲುಮಾಬ್ ಎಂಬ ಔಷಧಿ ಇದೆ. ಪೂರ್ತಿ ಪ್ರಮಾಣದಲ್ಲಿ ಕೊಡಲು ಲಕ್ಷಗಟ್ಟಲೆ ಬೇಕು, ಮಧ್ಯಮ ವರ್ಗದವರೂ ಮನೆ ಮಾರಬೇಕು. ಟಾಟಾ ಸ್ಮಾರಕ ಆಸ್ಪತ್ರೆಯವರು ಮಾಮೂಲಿ ಪ್ರಮಾಣದ ಸುಮಾರು ಶೇ. 6ರಷ್ಟನ್ನು ಮಾತ್ರ, ಬಾಯಿಯ ಮೂಲಕ ಕೊಡುವ ಅಗ್ಗದ ಔಷಧಿಗಳ ಜೊತೆ ಸೇರಿಸಿ ಕೊಟ್ಟರು. ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಇದು 2023ರಲ್ಲಿ ಪ್ರಕಟವಾದದ್ದು. ಬಡ ದೇಶದ ವೈದ್ಯರು ಬಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಂಶೋಧನೆ. ನನಗೆ ಬಹಳ ಸಂತೋಷ ಕೊಟ್ಟದ್ದು. ಆದರೂ ಲೆಕ್ಕ ನೋಡಿ: ಆ ಹಂತಕ್ಕೆ ಬಂದ ಮೇಲೆ ನೂರಕ್ಕೆ 43 ಜನ ಒಂದು ವರ್ಷ ಬದುಕಿದರೆ ದೊಡ್ಡ ಗೆಲುವು ಎನ್ನುತ್ತೇವೆ. ಆರಂಭದಲ್ಲೇ ಬಂದರೆ ಮೂರು ವರ್ಷಕ್ಕೂ 80 ಜನ.

ಅಡಿಕೆ ಬೆಳೆಯುವ ಮನೆಗಳವರೂ ಕೇಳುತ್ತಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ. "ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಅಡಿಕೆ" ಎನ್ನುವವರಿಗೆ ಹೇಳಲೇಬೇಕು. ಅಡಿಕೆಯೊಂದೇ ಸಾಕು, ಕ್ಯಾನ್ಸರ್ ಬರುತ್ತದೆ. ಇದು 2004ರಲ್ಲೇ ವಿಜ್ಞಾನಿಗಳು ತೀರ್ಮಾನಿಸಿರುವ ವಿಷಯ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಈಗ ಪಾನ್ ಮಸಾಲಾದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು, ಎರಡನ್ನೂ ಅಂಗೈಯಲ್ಲಿ ಸುರಿದುಕೊಂಡು ಬೆರೆಸುತ್ತಾರೆ. ಕಾಲೇಜು ಹುಡುಗರ ಬಾಯಿ ಎರಡು ಬೆರಳಿಗೆ ಇಳಿದಿರುವುದನ್ನು ನಾನು ನೋಡುತ್ತಿದ್ದೇನೆ. ತಾಯಂದಿರೇ, ಮಗನ ಬಾಯಲ್ಲಿ ಮೂರು ಬೆರಳು ಹಿಡಿಸುತ್ತವೆಯೇ ನೋಡಿ.

ನೋಡಿಕೊಳ್ಳುವುದು ಹೇಗೆ? ತಿಂಗಳಿಗೊಮ್ಮೆ, ಹಲ್ಲುಜ್ಜಿದ ಮೇಲೆ, ಕನ್ನಡಿಯ ಮುಂದೆ. ಹಲ್ಲಿನ ಸೆಟ್ ಇದ್ದರೆ ತೆಗೆದಿಡಿ. ಮೊಬೈಲಿನ ಟಾರ್ಚ್ ಸಾಕು. ತುಟಿ ಮಗುಚಿ ನೋಡಿ. ಒಂದೊಂದು ಕೆನ್ನೆಯನ್ನೂ ಬೆರಳಿನಿಂದ ಹೊರಕ್ಕೆ ಎಳೆದು, ಕೊನೆಯ ಹಲ್ಲಿನ ಹಿಂದಿನವರೆಗೂ ನೋಡಿ. ನಾಲಿಗೆ ಹೊರಚಾಚಿ ಎರಡೂ ಅಂಚು ನೋಡಿ, ಮೇಲೆತ್ತಿ ಕೆಳಭಾಗ ನೋಡಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಹದಿನೈದು ದಿನವಾದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದು ಕಂಡರೂ ಹೊರಡಿ. ನೋವಿಲ್ಲವಲ್ಲ ಎಂದು ಕೂರಬೇಡಿ. ಆರಂಭದಲ್ಲಿ ನೋವಿರುವುದಿಲ್ಲ.

ಹತ್ತಿರದ ದಂತವೈದ್ಯರು ಸಾಕು, ತಾಲ್ಲೂಕು ಆಸ್ಪತ್ರೆಯೂ ಸಾಕು. 30 ವರ್ಷ ದಾಟಿದವರ ಬಾಯಿ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಬಿಪಿ, ಶುಗರ್ ವಿಚಾರಿಸುತ್ತೀರಲ್ಲ, "ಬಾಯಿ ಪರೀಕ್ಷೆ ಯಾವಾಗಮ್ಮ?" ಎಂದೂ ಕೇಳಿ. ಜಗಿಯುವ ಅಭ್ಯಾಸ ಬಿಡಲು ಸಹಾಯ ಬೇಕಾದವರು ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿ, ಕರೆಗೆ ಶುಲ್ಕವಿಲ್ಲ. ನಂಬರ್ ಬರೆದುಕೊಳ್ಳಿ: 1800 11 2356. ಇನ್ನೊಮ್ಮೆ ಹೇಳುತ್ತೇನೆ, 1800 11 2356.

ನಮಸ್ಕಾರ.