ಎರಡಡಿ ತಂತಿ, ಒಂದು ಬೀಪ್ ಸದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಉಪಗ್ರಹ, ದೇಶದ ಭದ್ರತೆ ಅಂದ ಕೂಡಲೇ ಎತ್ತರದ ಗೋಡೆ, ಮುಳ್ಳುತಂತಿ, ಕಾವಲಿನವರು ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ನಾನು ಇವತ್ತು ನಿಮ್ಮನ್ನು ವಿಶ್ವವಿದ್ಯಾಲಯದ ಲ್ಯಾಬಿಗೆ ಕರೆದುಕೊಂಡು ಹೋಗುತ್ತೇನೆ. ಮೇಜಿನ ಮೇಲೆ ಬಿಚ್ಚಿಟ್ಟ ರೇಡಿಯೊ, ಬೆಸುಗೆಯ ಹೊಗೆ, ನಿದ್ದೆಗೆಟ್ಟ ವಿದ್ಯಾರ್ಥಿಗಳು. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಲ್ಯಾಬಿನಲ್ಲಿ ಸುಮ್ನೆ ಕುತೂಹಲಕ್ಕೆ ಏನಾದರೂ ಮಾಡಿ ನೋಡಲು ಬಿಡಿ. ಉಪಯೋಗ ಆಮೇಲೆ ಬರುತ್ತದೆ.

ಒಂದು ಕಥೆ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು.

1957ರ ಅಕ್ಟೋಬರ್ 4. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಅನ್ನುವ ಮೊದಲ ಕೃತಕ ಉಪಗ್ರಹ ಹಾರಿಸಿತು. 58 ಸೆಂಟಿಮೀಟರ್ ಅಗಲದ ಚೆಂಡು, ತೂಕ ಸುಮಾರು 84 ಕಿಲೋ. ಅದಕ್ಕೆ ಗೊತ್ತಿದ್ದದ್ದು ಬೀಪ್ ಬೀಪ್ ಅನ್ನುವುದು ಮಾತ್ರ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಯುದ್ಧಕಾಲದಲ್ಲಿ, 1942ರಲ್ಲಿ ಹುಟ್ಟಿದ ಒಂದು ದೊಡ್ಡ ಲ್ಯಾಬ್ ಇದೆ. ಅಲ್ಲಿನ ಇಬ್ಬರು ಯುವ ವಿಜ್ಞಾನಿಗಳು ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್. ಸೋಮವಾರ ಊಟದ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಸ್ಪುಟ್ನಿಕ್ಕೇ. ಆದರೆ ಅದರ ಸದ್ದನ್ನು ಕೇಳಿ ನೋಡೋಣ ಅಂತ ಅಲ್ಲಿ ಯಾರೂ ಕೂತಿರಲಿಲ್ಲ. ವೈಫೆನ್‌ಬಾಕ್ ಬಳಿ ಒಳ್ಳೆಯ ರಿಸೀವರ್ ಇತ್ತು. ಅದರ ಹಿಂದೆ ಒಂದೆರಡು ಅಡಿ ತಂತಿ ಸಿಕ್ಕಿಸಿದರು. ಅಷ್ಟೇ ಆಂಟೆನಾ! ಬೀಪ್ ಕೇಳಿಸಿತು.

ಹಾಗೇ ಕೇಳುತ್ತಾ ಕೂತಾಗ ಸ್ವರ ಬದಲಾಗುತ್ತಿದೆ ಅನ್ನುವುದು ಗಮನಕ್ಕೆ ಬಂತು. ಆಂಬ್ಯುಲೆನ್ಸ್ ನಿಮ್ಮನ್ನು ದಾಟಿ ಹೋಗುವಾಗ ಸೈರನ್ ಹೇಗೆ ಇಳಿಯುತ್ತದೆ, ಹಾಗೆ. ಹತ್ತಿರದಲ್ಲಿ ಹಾದರೆ ಸ್ವರ ಥಟ್ಟನೆ ಇಳಿಯುತ್ತದೆ, ದೂರದಲ್ಲಿ ಹಾದರೆ ಮೆಲ್ಲಗೆ. ಅದನ್ನು ಟೇಪಿನಲ್ಲಿ ಹಿಡಿದು, ಲೆಕ್ಕ ಹಾಕಿ, ಸ್ಪುಟ್ನಿಕ್ ಯಾವ ದಾರಿಯಲ್ಲಿ ಸುತ್ತುತ್ತಿದೆ ಅಂತ ಕಂಡುಹಿಡಿದೇಬಿಟ್ಟರು. ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ನೆನಪಿಡಿ.

ಮುಂದಿನ ವರ್ಷ ಅದೇ ಲ್ಯಾಬಿನ ಹಿರಿಯರು ಫ್ರಾಂಕ್ ಮೆಕ್‌ಕ್ಲೂರ್ ಇಬ್ಬರನ್ನೂ ಕರೆದು ಕೇಳಿದರು. ನಿಂತ ಜಾಗ ಗೊತ್ತಿದ್ದರೆ ಉಪಗ್ರಹ ಎಲ್ಲಿದೆ ಅಂತ ಹೇಳುತ್ತೀರಿ. ಉಪಗ್ರಹದ ದಾರಿ ಗೊತ್ತಿದ್ದರೆ, ನಿಂತ ಜಾಗ ಯಾವುದು ಅಂತ ಹೇಳಬಹುದಾ? ಹೇಳಬಹುದು ಅಂತ ಲೆಕ್ಕ ತೋರಿಸಿತು. ಆಗ ಅಮೆರಿಕದ ನೌಕಾಪಡೆಗೆ ದೊಡ್ಡ ತಲೆನೋವು ಅದೇ ಆಗಿತ್ತು. ಸಮುದ್ರದ ನಡುವೆ ಇರುವ ಜಲಾಂತರ್ಗಾಮಿಗೆ ತಾನು ಎಲ್ಲಿದ್ದೇನೆ ಅಂತ ಸರಿಯಾಗಿ ಗೊತ್ತಾಗದಿದ್ದರೆ ಅದರ ಕ್ಷಿಪಣಿ ಗುರಿ ಮುಟ್ಟುವುದಿಲ್ಲ. ಹೀಗೆ ಟ್ರಾನ್ಸಿಟ್ ಅನ್ನುವ ಉಪಗ್ರಹಗಳ ಸಾಲು ಹುಟ್ಟಿತು. 1964ರಿಂದ 1996ರವರೆಗೆ ಹಡಗುಗಳಿಗೆ ದಾರಿ ತೋರಿಸಿತು. ನಿಮ್ಮ ಫೋನಿನ ಜಿಪಿಎಸ್ ಅದರ ನಂತರ ಬಂದದ್ದು.

‘ಇದರಿಂದ ಏನು ಉಪಯೋಗ?’ ಅಂತ ಮೊದಲ ದಿನವೇ ಕೇಳುವವರನ್ನು ಕಂಡರೆ ನನಗೆ ಬೇಸರ. ಎರಡಡಿ ತಂತಿ ಸಿಕ್ಕಿಸಿದ ದಿನ ಆ ಇಬ್ಬರನ್ನು ಹಾಗೆ ಕೇಳಿದ್ದರೆ ಏನು ಹೇಳುತ್ತಿದ್ದರು? ಮಾಡಿ ನೋಡಲು ಬಿಡಿ ಸ್ವಾಮಿ!

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. 1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಬಾಬ್ ಟ್ವಿಗ್ಸ್ ಮತ್ತು ಜೋರ್ಡಿ ಪುಯಿಗ್ ಸ್ವಾರಿ, ಕ್ಯೂಬ್‌ಸ್ಯಾಟ್ ಅನ್ನುವ ಪುಟ್ಟ ಉಪಗ್ರಹದ ಅಳತೆ ಗೊತ್ತುಮಾಡಿದರು. ಎಲ್ಲಾ ಕಡೆಯೂ 10 ಸೆಂಟಿಮೀಟರ್. ವಿದ್ಯಾರ್ಥಿಗಳು ಕಲಿಯಲಿ ಅಂತ ಮಾಡಿದ ಪೆಟ್ಟಿಗೆ. ಈಗ ಸೇನೆಗಳೂ ಅದನ್ನೇ ಹಾರಿಸುತ್ತಿವೆ.

ಇನ್ನು ಪರೀಕ್ಷೆಯ ಮಾತು. ರಾಕೆಟ್ ಏರುವಾಗ ಸಿಕ್ಕಾಪಟ್ಟೆ ನಡುಗುತ್ತದೆ, ಅದಕ್ಕೆ ಉಪಗ್ರಹವನ್ನು ಲ್ಯಾಬಿನಲ್ಲೇ ನಡುಗುವ ಮೇಜಿನ ಮೇಲಿಟ್ಟು ನಡುಗಿಸಿ ನೋಡುತ್ತೇವೆ. ಒಂದು ಸಲ ನಮ್ಮ ವಿದ್ಯಾರ್ಥಿಗಳು ಕಟ್ಟಿದ ಮಾದರಿಯ ಒಳಗೆ ಕಿಟಿಕಿಟಿ ಸದ್ದು ಬಂತು. ಬಿಚ್ಚಿದರೆ ಒಂದು ಸಣ್ಣ ತಿರುಪು ಕಳಚಿ ಬಿದ್ದಿತ್ತು. ಅದನ್ನು ಹಾಕಿದ ಹುಡುಗಿಯ ಮುಖ ಬಾಡಿತು. ಅಂಟು ಸವರಿ ಮತ್ತೆ ಬಿಗಿ ಮಾಡಿದಳು, ಮೇಜು ಮತ್ತೆ ನಡುಗಿ ನಿಂತಿತು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಸದ್ದಿಲ್ಲ.

ನಮಸ್ಕಾರ.