ಅಜ್ಜಿ, ಇದರಲ್ಲಿ ನಮ್ಮೂರಿಂದು ಯಾವುದು?

ಕೇಳುಗರೇ, ನಮಸ್ಕಾರ.

ಬೇಸಿಗೆ ರಜೆಗೆ ಮಗಳ ಮಗ ಬೆಂಗಳೂರಿನಿಂದ ಹಾಸನಕ್ಕೆ ಬಂದಿದ್ದ. ಹತ್ತು ವರ್ಷದ ಹುಡುಗ, ಬಾಯಿಗೆ ಬಿಡುವೇ ಇಲ್ಲ. ಒಂದು ದಿನ ಸಂತೆಯಿಂದ ಬಂದವಳು ಚೀಲವನ್ನು ಅಡುಗೆಮನೆ ನೆಲಕ್ಕೆ ಸುರಿದೆ. ಆಲೂಗೆಡ್ಡೆ, ಟೊಮ್ಯಾಟೊ, ಹಸಿಮೆಣಸಿನಕಾಯಿ, ಬದನೆಕಾಯಿ, ಒಂದು ಪರಂಗಿ ಹಣ್ಣು, ನಾಲ್ಕು ಸೀಬೆ, ಒಂದಿಷ್ಟು ಕಡಲೆಕಾಯಿ, ಎರಡು ಮುಸುಕಿನ ಜೋಳ.

"ಅಜ್ಜಿ, ಇದರಲ್ಲಿ ನಮ್ಮೂರಿಂದು ಯಾವುದು?" ಅಂದ.

"ಎಲ್ಲಾ ನಮ್ಮೂರಿಂದೇ ಕಣೋ" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಶಾಲೆಯಲ್ಲಿ ಅಷ್ಟು ವರ್ಷ ಪಾಠ ಮಾಡಿದವಳು ನಾನು, ಹೀಗೆ ಹೇಳಬಹುದಾ? ಮೊಮ್ಮಗನನ್ನು ಕೂರಿಸಿಕೊಂಡು ಬದನೆಕಾಯಿಯನ್ನು ಎತ್ತಿ ಒಂದು ಪಕ್ಕಕ್ಕೆ ಇಟ್ಟೆ. ಉಳಿದದ್ದನ್ನೆಲ್ಲ ಇನ್ನೊಂದು ಪಕ್ಕಕ್ಕೆ ತಳ್ಳಿದೆ. "ಇದೊಂದು ನಮ್ಮ ಕಡೆಯದು. ಮಿಕ್ಕಿದ್ದೆಲ್ಲ ಅಮೆರಿಕ ಖಂಡದಿಂದ ಬಂದದ್ದು."

ಅವನು ನಂಬಲಿಲ್ಲ. ನೀವಾದರೂ ನಂಬಿ. 1492ರಲ್ಲಿ ಕೊಲಂಬಸ್ ಸಮುದ್ರ ದಾಟುವ ತನಕ ಈ ಕಡೆಯ ಒಲೆಗಳು ಆಲೂಗೆಡ್ಡೆಯನ್ನೇ ಕಂಡಿರಲಿಲ್ಲ. ಟೊಮ್ಯಾಟೊ ಇಲ್ಲದೆ ಸಾರು, ಹಸಿಮೆಣಸಿನಕಾಯಿ ಇಲ್ಲದೆ ಚಟ್ನಿ. ಬೇಲೂರಿನ ಗುಡಿ ಕಟ್ಟಿದ ಕಾಲಕ್ಕೆ, ಅಂದರೆ 1117ರಲ್ಲಿ, ಆ ಶಿಲ್ಪಿಗಳು ಮಧ್ಯಾಹ್ನ ಉಂಡ ಸಾರಿಗೆ ಖಾರ ಬಂದಿದ್ದರೆ ಅದು ಕರಿಮೆಣಸಿನದು.

ಸಾಕ್ಷಿ ಬೇಕಾದರೆ ಎಲ್ಲಿಗೂ ಹೋಗಬೇಕಾಗಿಲ್ಲ, ನಮ್ಮ ಮಾತಿನಲ್ಲೇ ಇದೆ. ಮೆಣಸು ನಮ್ಮದು, ಮಲೆನಾಡಿನ ಬಳ್ಳಿ. ಹೊರಗಿಂದ ಖಾರದ ಕಾಯೊಂದು ಬಂತು. ಅದಕ್ಕೇನು ಹೆಸರಿಡುವುದು? ಮೆಣಸಿನ ಹಾಗೆ ಖಾರ, ಆದರೆ ಕಾಯಿ. ಮೆಣಸಿನಕಾಯಿ! ಕಡಲೆ ಹಳೆಯದು. ಹೊರಗಿನ ಇನ್ನೊಂದು ಬೀಜ ಸಿಪ್ಪೆಯೊಳಗೆ ಕುಳಿತು ಬಂತು. ಅದು ಕಡಲೆಕಾಯಿ ಆಯಿತು. ಜೋಳ ಮೊದಲೇ ಇತ್ತು. ಸಿಪ್ಪೆ ಹೊದ್ದುಕೊಂಡು ಇನ್ನೊಂದು ಬಂತು, ಮದುವೆ ಮನೆಗೆ ಬಂದ ಹೊಸ ಸೊಸೆಯ ಹಾಗೆ. ನಮ್ಮವರು ನೋಡಿದರು, ಮುಸುಕಿನ ಜೋಳ ಅಂದರು. ಎಷ್ಟು ಚೆಂದ, ಅಲ್ವಾ? ಹೆಸರಿಟ್ಟವರು ಯಾರೋ, ಅವರು ಸಸ್ಯಶಾಸ್ತ್ರ ಓದಿದವರಂತೂ ಅಲ್ಲ. ಪರಂಗಿ ಹಣ್ಣಿನ ವಿಷಯದಲ್ಲಿ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಪರಂಗಿಯವರು, ಅಂದರೆ ಯುರೋಪಿನವರು ತಂದ ಹಣ್ಣು, ಪರಂಗಿ ಹಣ್ಣು. ಮುಗಿಯಿತು.

ಮುಸುಕಿನ ಜೋಳದ್ದೇ ಇನ್ನೊಂದು ತಮಾಷೆ ಇದೆ. ಹೊಯ್ಸಳರ ಗುಡಿಗಳಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿ ಕಾಳು ಕಾಳಾಗಿ ಜೋಡಿಸಿದ ಒಂದು ಉದ್ದ ವಸ್ತು ಇರುತ್ತದೆ. 1989ರಲ್ಲಿ ಅಮೆರಿಕದ ಸಂಶೋಧಕರು ಇದು ಮುಸುಕಿನ ಜೋಳವೇ ಎಂದು ಬರೆದರು. ಹಾಗಾದರೆ ಕೊಲಂಬಸ್‌ಗಿಂತ ಮುಂಚೆಯೇ ಅದು ಇಲ್ಲಿಗೆ ಬಂದಿತ್ತು ಎಂದಾಯಿತು! ಬೇರೆ ವಿದ್ವಾಂಸರು ಒಪ್ಪಲಿಲ್ಲ. ಅದು ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ, ಎಂದರು. ನನಗೂ ಎರಡನೆಯ ಮಾತೇ ಸರಿ ಅನ್ನಿಸುತ್ತದೆ. ಜೋಳ ಆ ಕಾಲಕ್ಕೇ ಬಂದಿದ್ದರೆ ಹೊಲದಲ್ಲೂ ಮಾತಿನಲ್ಲೂ ಗುರುತು ಉಳಿಯಬೇಕಿತ್ತು. ಗುಡಿಗೆ ಹೋದಾಗ ನೀವೇ ಒಮ್ಮೆ ನೋಡಿ.

ಗುಡಿಯ ಕಲ್ಲಿನ ಮಾತು ಬಂತು, ಒಂದು ನಿಮಿಷ ಅಲ್ಲೇ ನಿಲ್ಲೋಣ. ಆ ಸೂಕ್ಷ್ಮ ಕೆತ್ತನೆ, ಒಡವೆಯ ಒಂದೊಂದು ಮಣಿ, ಹೇಗೆ ಸಾಧ್ಯವಾಯಿತು? ಅದು ಬಳಪದ ಕಲ್ಲು. ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಬರೆಯುತ್ತಿದ್ದೆವಲ್ಲ, ಮೇಷ್ಟ್ರು ಕಾಣದ ಹಾಗೆ ತಿನ್ನುತ್ತಲೂ ಇದ್ದೆವಲ್ಲ, ಆ ಬಳಪದ ಜಾತಿಯದೇ. ನೆಲದಿಂದ ತೆಗೆದಾಗ ಮೆದುವಾಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಬಿಗಿಯಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟನದು ಹಾಗಲ್ಲ. ಅದು ಗಟ್ಟಿ ಗ್ರಾನೈಟ್, ಉಳಿ ಜಾರುವಂಥದ್ದು. ಅದಕ್ಕೇ ಅಲ್ಲಿ ಒಡವೆಯಿಲ್ಲದ ನುಣುಪು, ಇಲ್ಲಿ ಮೈತುಂಬ ಒಡವೆ. ಕಾರಣ ಧರ್ಮದ್ದೂ ಹೌದು, ಕಲ್ಲಿನದೂ ಹೌದು. ಗೊಮ್ಮಟನ ಪಾದದ ಹತ್ತಿರ ಕನ್ನಡದ ಜೊತೆಗೆ ತಮಿಳು ಬರಹವಿದೆ, ಮರಾಠಿಯ ಅತಿ ಹಳೆಯ ಸಾಲುಗಳಲ್ಲಿ ಒಂದೂ ಇದೆ. ಮಹಾರಾಷ್ಟ್ರದವರು ತಮ್ಮ ನುಡಿಯ ಬೇರು ಹುಡುಕಿಕೊಂಡು ಹಾಸನ ಜಿಲ್ಲೆಗೆ ಬರಬೇಕು!

ಸರಿ, ಮೊಮ್ಮಗನ ಹತ್ತಿರ ಹೋಗೋಣ. ಅವನು ಸೋಲುವವನಲ್ಲ. "ರಾಗಿಮುದ್ದೆ ಆದ್ರೂ ನಮ್ಮದಲ್ವಾ ಅಜ್ಜಿ?" ಅಂದ. ಇಲ್ಲ ಮಗನೇ, ರಾಗಿಯ ತವರು ಆಫ್ರಿಕದ ಪೂರ್ವದ ಎತ್ತರದ ನಾಡು. ಆದರೆ ಅದು ಬಂದು ಸಾವಿರಾರು ವರ್ಷವಾಯಿತು. ಈಗ ಅದನ್ನು ಹೊರಗಿನದು ಅಂದರೆ ರಾಗಿಗೇ ಕೋಪ ಬಂದೀತು. ನಮ್ಮಜ್ಜನ ಮನೆಯಲ್ಲಿ ನೆಲದೊಳಗೆ ಹಗೇವು ಇತ್ತು. ಅದರಲ್ಲಿ ತುಂಬಿಟ್ಟ ರಾಗಿಗೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಬರಗಾಲದಲ್ಲಿ ಊರು ಉಳಿಯುತ್ತಿದ್ದದ್ದೇ ಅದರಿಂದ.

"ಕಾಫಿ?" ಅಂದ. ಅದೂ ಆಫ್ರಿಕದ್ದೇ! ಇಥಿಯೋಪಿಯದ ಕಾಡಿನ ಗಿಡ. ಅಲ್ಲಿಂದ ಯೆಮನ್, ಅಲ್ಲಿಂದ ಏಳು ಬೀಜಗಳಲ್ಲಿ ಬಾಬಾಬುಡನ್ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಕ್ಕೆ ತಂದರು ಎಂಬುದು ನಮ್ಮ ಕಡೆಯ ನಂಬಿಕೆ. ಸುಮಾರು 1670ರ ಮಾತು ಅನ್ನುತ್ತಾರೆ. ಬೆಳಿಗ್ಗೆ ಲೋಟ ಎತ್ತಿದರೆ ಆಫ್ರಿಕ, ಮಧ್ಯಾಹ್ನ ಮುದ್ದೆ ಮುರಿದರೆ ಆಫ್ರಿಕ.

ನನ್ನ ತಂಗಿಯನ್ನು ಮೂಡಿಗೆರೆ ಹತ್ತಿರ ಕೊಟ್ಟಿದೆ. ಹೋದ ಡಿಸೆಂಬರಿನ ಕುಯ್ಲಿಗೆ ಈ ಹುಡುಗನೂ ಬಂದಿದ್ದ. ಕೆಂಪು ಹಣ್ಣೊಂದನ್ನು ಕೈಗೆ ಕೊಟ್ಟು ಹಿಸುಕು ಅಂದೆ. ಪುಳಕ್ ಅಂತ ಎರಡು ಬೀಜ ಜಾರಿ ಹೊರಬಂತು. ಮೈಗೆಲ್ಲ ಲೋಳೆ. ನೆಕ್ಕಿ ನೋಡಿ "ಸಿಹಿ!" ಅಂದ. ಎರಡೂ ಬೀಜ ಚಪ್ಪಟೆ ಹೊಟ್ಟೆಯನ್ನು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬಲಿಯುತ್ತದೆ. ಒತ್ತುವವರಿಲ್ಲದೆ ಅದು ಗುಂಡಗಾಗುತ್ತದೆ. ಅಂಗಡಿಯಲ್ಲಿ ಪೀಬೆರಿ ಅಂತ ಜಾಸ್ತಿ ದುಡ್ಡು ಕೊಟ್ಟು ತರುತ್ತೀರಲ್ಲ, ಅದೇ ಈ ಒಂಟಿ ಕೂಸು.

ಇನ್ನೊಂದು. ನಮ್ಮನ್ನು ಎಬ್ಬಿಸುವ ಕೆಫೀನನ್ನು ಗಿಡ ಮಾಡಿಕೊಂಡದ್ದು ನಮಗಾಗಿ ಅಲ್ಲ, ತನ್ನನ್ನು ತಿನ್ನಲು ಬರುವ ಹುಳುಗಳಿಗೆ ವಿಷವಾಗಿ. ಕಾಫಿಯಲ್ಲಿ ರೊಬಸ್ಟ, ಅರೇಬಿಕ ಅಂತ ಎರಡು ಮುಖ್ಯ ಜಾತಿ. ರೊಬಸ್ಟದಲ್ಲಿ ಅರೇಬಿಕದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಕಹಿ ಜಾಸ್ತಿ, ಹುಳದ ಕಾಟ ಕಡಿಮೆ. ಹೂವಿನ ಮಕರಂದದಲ್ಲೂ ಕೆಫೀನ್ ಇದೆ, ಆದರೆ ಚೂರೇ ಚೂರು. ಅದನ್ನು ಕುಡಿದ ಜೇನುನೊಣಕ್ಕೆ ಆ ಹೂವಿನ ವಾಸನೆ ಚೆನ್ನಾಗಿ ನೆನಪಿರುತ್ತದಂತೆ. ವೈರಿಗೆ ವಿಷ, ನೆಂಟರಿಗೆ ಕಾಫಿ!

ಇಷ್ಟು ಹೇಳುವ ಹೊತ್ತಿಗೆ ಹುಡುಗನ ಮುಖ ಸಣ್ಣಗಾಗಿತ್ತು. ಅದಕ್ಕೇ ಸಂಜೆ ಸಾಲಗಾಮೆ ರಸ್ತೆಯ ಕಡೆ ಕರೆದುಕೊಂಡು ಹೋಗಿ, ದೂರದಿಂದಲೇ ಆ ಬಿಳಿ ಬಟ್ಟಲುಗಳನ್ನು ತೋರಿಸಿದೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಅಲ್ಲಿದೆ. ಟಿವಿಗೆ, ಹವಾಮಾನಕ್ಕೆ ದುಡಿಯುವ ನಮ್ಮ ದೇಶದ ಉಪಗ್ರಹಗಳು ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ಕಿವಿ ಹಿಡಿದು ದಾರಿಗೆ ತರುವುದು ಹಾಸನದಿಂದ. ನಮ್ಮ ಕಣ್ಣಿಗೆ ಅವು ಆಕಾಶದ ಒಂದೇ ಜಾಗದಲ್ಲಿ ನಿಂತ ಹಾಗೆ. ನಿಜಕ್ಕೂ ಸೆಕೆಂಡಿಗೆ 3 ಕಿಲೋಮೀಟರ್ ಓಡುತ್ತಿರುತ್ತವೆ. ಭೂಮಿಯೂ ಜೊತೆಗೆ ತಿರುಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಇಲ್ಲಿಂದ ಬೇಲೂರಿಗೆ ಒಂದು ಗಂಟೆ ಬೇಕು. ಆ ವೇಗದಲ್ಲಿ ಹೋದರೆ 13 ಸೆಕೆಂಡು. "ಹಾಗಾದ್ರೆ ಟಿಕೆಟ್ ತಗೊಳ್ಳೋಕೂ ಟೈಮ್ ಇಲ್ಲ" ಅಂದ. ನಗು ವಾಪಸ್ ಬಂತು.

ಮಾರನೆಯ ದಿನ ಊಟಕ್ಕೆ ಕುಳಿತು ಹಟ ಹಿಡಿದ. "ಅಜ್ಜಿ, ಇವತ್ತು ನಮ್ಮ ಕಡೆಯದು ಮಾತ್ರ ಬಡಿಸು." ಆಗಲಿ ಅಂದೆ. ಅನ್ನ, ಕರಿಮೆಣಸಿನ ಸಾರು, ಮೆಣಸಿನಕಾಯಿ ಹಾಕದ ಬದನೆಕಾಯಿ ಪಲ್ಯ, ಹಲಸಿನ ಹಪ್ಪಳ. ಎರಡು ತುತ್ತು ಉಂಡ. ಮೂರನೆಯದಕ್ಕೆ ಕೈ ನಿಂತಿತು. ಸುಮ್ನೆ ನನ್ನ ಮುಖ ನೋಡಿದ.

"ಅಜ್ಜಿ, ಒಂಚೂರು ಮಾವಿನಕಾಯಿ ಉಪ್ಪಿನಕಾಯಿ ಹಾಕ್ತೀಯಾ? ಮಾವು ನಮ್ಮದೇ ತಾನೆ?"

ಹಾಕಿದೆ. ಅದರ ಕೆಂಪು ಎಲ್ಲಿಂದ ಬಂತು ಅಂತ ನಾನು ಬಾಯಿ ಬಿಡಲಿಲ್ಲ.

ನಮಸ್ಕಾರ.